ಅರ್ಧವಿರಾಮ (;) ಎಲ್ಲಿ ಬೇಕು, ಎಲ್ಲಿ ಬೇಡ? ಆರು ವಾಕ್ಯ ಇಟ್ಟಿದ್ದೇನೆ, ತಿದ್ದಿಕೊಡಿ

ಕರಡು ಕಟ್ಟು (ಮೈಸೂರು)

ಮಂಡ್ಯ ಕಡೆಯ ಒಂದು ಸಹಕಾರ ಸಂಘದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗಬೇಕು. ಎಂಟು ಜನ ಬರೆದಿದ್ದಾರೆ. ಅರ್ಧವಿರಾಮವನ್ನು ಎಂಟು ರೀತಿ ಹಾಕಿದ್ದಾರೆ. ಕೆಲವರು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಇಟ್ಟಿದ್ದಾರೆ, ಕೆಲವರು ಅದರ ತಂಟೆಗೇ ಹೋಗಿಲ್ಲ. ಕರಡಿನಲ್ಲಿ ಇದ್ದ ಹಾಗೇ ಆರು ವಾಕ್ಯ ಕೆಳಗೆ ಕೊಟ್ಟಿದ್ದೇನೆ. ಯಾವುದು ಸರಿ ಅನ್ನುವುದಕ್ಕಿಂತ ಯಾಕೆ ಸರಿ ಅಂತ ಹೇಳಿದರೆ ಮಿಕ್ಕ ಪುಟಗಳನ್ನೂ ಅದೇ ಅಳತೆಗೆ ತರಬಹುದು.

1. ನಾಲೆಗೆ ನೀರು ಬಿಟ್ಟರು, ಗದ್ದೆಗೆ ಇನ್ನೂ ಬಂದಿಲ್ಲ.
2. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ; ಕೊಪ್ಪರಿಗೆ ಇಳಿಸಿ; ಅಚ್ಚಿಗೆ ತುಂಬುತ್ತಾರೆ.
3. ಮಳೆ ಚೆನ್ನಾಗಿ ಬಂದರೆ; ಕೆರೆ ತುಂಬುತ್ತದೆ.
4. ಸಂಘದ ಕಚೇರಿ ಮಂಡ್ಯದಲ್ಲಿದೆ ಮತ್ತು ಗೋದಾಮು ಮದ್ದೂರಿನಲ್ಲಿದೆ.
5. ಬೆಲೆ ಏರಿತು ಆದರೆ; ರೈತರ ಕೈಗೆ ಹಣ ಸೇರಲಿಲ್ಲ.
6. ಸಭೆಗೆ ಮದ್ದೂರು, ಮಳವಳ್ಳಿ, ಪಾಂಡವಪುರ, ಮಂಡ್ಯ ಜಿಲ್ಲೆ, ನಂಜನಗೂಡು, ತಿ. ನರಸೀಪುರ, ಮೈಸೂರು ಜಿಲ್ಲೆಯ ಸದಸ್ಯರು ಬಂದಿದ್ದರು.

ಮದ್ದೂರು ಮೇಷ್ಟ್ರು

ಮೊದಲ ಮೂರನ್ನು ಒಂದೇ ಪರೀಕ್ಷೆಯಲ್ಲಿ ಮುಗಿಸಬಹುದು. ಅರ್ಧವಿರಾಮದ ಬಲಗಡೆಯದನ್ನು ಅಂಗೈಯಿಂದ ಮುಚ್ಚಿ, ಎಡಗಡೆ ಉಳಿದದ್ದಕ್ಕೆ ಪೂರ್ಣವಿರಾಮ ಇಟ್ಟು ಗಟ್ಟಿಯಾಗಿ ಓದಿ. ಮಾತು ಮುಗಿದಂತೆ ಕೇಳಿಸಬೇಕು. ಆಮೇಲೆ ಎಡಗಡೆ ಮುಚ್ಚಿ ಬಲಗಡೆಯದನ್ನು ಓದಿ. ಅದೂ ತಾನಾಗಿ ನಿಲ್ಲಬೇಕು. ಎರಡೂ ನಿಂತರೆ ಮಾತ್ರ ನಡುವೆ ಅರ್ಧವಿರಾಮಕ್ಕೆ ಜಾಗ.

"ನಾಲೆಗೆ ನೀರು ಬಿಟ್ಟರು." ನಿಂತಿತು. "ಗದ್ದೆಗೆ ಇನ್ನೂ ಬಂದಿಲ್ಲ." ಇದೂ ನಿಂತಿತು, ನೀರು ಅನ್ನುವ ಮಾತು ಹಿಂದಿನಿಂದ ಬರುತ್ತದೆ ಅಷ್ಟೆ. ಹಾಗಾಗಿ ಒಂದನೆಯದರಲ್ಲಿ ಅಲ್ಪವಿರಾಮ ತೆಗೆದು ಅರ್ಧವಿರಾಮ ಹಾಕಿ.

"ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ." ಮುಗಿಯಲಿಲ್ಲ, ಕಾಯಿಸಿ ಏನು ಮಾಡಿದರು ಅಂತ ಕೇಳುತ್ತದೆ. "ಮಳೆ ಚೆನ್ನಾಗಿ ಬಂದರೆ." ಇದೂ ಮುಗಿಯಲಿಲ್ಲ. ಎರಡು, ಮೂರು ತಪ್ಪು. ಮೂರನೆಯದಕ್ಕೆ ಅಲ್ಪವಿರಾಮವೂ ಬೇಡ. "ಕೈ ಕೆಸರಾದರೆ ಬಾಯಿ ಮೊಸರು" ಅನ್ನುವಾಗ ನಡುವೆ ಯಾರೂ ಚಿಹ್ನೆ ಹಾಕುವುದಿಲ್ಲ ಅಲ್ಲವೇ? ಅದೇ ಲೆಕ್ಕ.

ಅಕ್ಷರಜೋಡಣೆ (ಶಿವರಾಂಪೇಟೆ)

ಮೇಷ್ಟ್ರೇ, ಒಂದು ತಕರಾರು. ಶಾಲೆಯ ವ್ಯಾಕರಣದಲ್ಲಿ ಬೇರೆ ಥರ ಇದೆ: ಅನೇಕ ಉಪವಾಕ್ಯಗಳು ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾಗಿದ್ದಾಗ, ಒಂದೊಂದು ಉಪವಾಕ್ಯ ಮುಗಿದಾಗಲೂ ಅರ್ಧವಿರಾಮ. ಈ ಲೆಕ್ಕದಲ್ಲಿ ಎರಡನೆಯ ವಾಕ್ಯ ಸರಿಯೇ ಆಗಬೇಕಲ್ಲ? ಕಾಯಿಸಿ, ಇಳಿಸಿ, ಎರಡೂ "ತುಂಬುತ್ತಾರೆ"ಗೆ ಅಧೀನ.

ಗಂಗೋತ್ರಿ ಕಡೆಯವರು (ಮೈಸೂರು)

ಒಳ್ಳೆಯ ತಕರಾರು. ಆ ಸೂತ್ರವನ್ನು ಬಾಯಿಪಾಠ ಮಾಡಿದ್ದರಿಂದಲೇ ಅರ್ಧ ತಪ್ಪುಗಳು ಹುಟ್ಟುವುದು. ಸೂತ್ರ ತಪ್ಪಲ್ಲ, ಅದರಲ್ಲಿರುವ "ಉಪವಾಕ್ಯ" ಅನ್ನುವ ಮಾತನ್ನು ನಾವು ಸಡಿಲವಾಗಿ ಹಿಡಿಯುತ್ತೇವೆ.

ಶಾಲಾ ವ್ಯಾಕರಣ ವಾಕ್ಯಗಳನ್ನು ಮೂರು ಮಾಡುತ್ತದೆ: ಸಾಮಾನ್ಯ, ಸಂಯೋಜಿತ, ಮಿಶ್ರ. ಸಂಯೋಜಿತ ವಾಕ್ಯದೊಳಗಿನ ತುಂಡುಗಳು ಸ್ವತಂತ್ರವಾಗಿ ನಿಲ್ಲಬಲ್ಲವು. ಮಿಶ್ರ ವಾಕ್ಯದಲ್ಲಿ ಒಂದು ಪ್ರಧಾನ, ಮಿಕ್ಕವು ಅಧೀನ. ಎರಡು ಕಡೆಯ ತುಂಡುಗಳಿಗೂ ಉಪವಾಕ್ಯ ಅಂತಲೇ ಹೆಸರು. ಗೊಂದಲದ ಬೇರು ಅಲ್ಲಿದೆ. ಆದರೆ "ಕಾಯಿಸಿ", "ಇಳಿಸಿ" ಈ ಎರಡರಲ್ಲಿ ಯಾವುದೂ ಅಲ್ಲ. ಅವು ಕೃದಂತಾವ್ಯಯಗಳು, ಒಂದೇ ಕರ್ತೃ ಒಂದರ ಹಿಂದೊಂದು ಮಾಡಿದ ಕೆಲಸವನ್ನು ಪೋಣಿಸುವ ದಾರ. ಶಾಲಾ ವ್ಯಾಕರಣದ ಪ್ರಕಾರವೇ ಎರಡನೆಯದು ಒಂದೇ ಪೂರ್ಣ ಕ್ರಿಯಾಪದ ಇರುವ ಸಾಮಾನ್ಯ ವಾಕ್ಯ. ಅದರ ಹೊಟ್ಟೆ ಸೀಳಿ ಅರ್ಧವಿರಾಮ ಇಡುವುದಕ್ಕೆ ಕಾರಣವಿಲ್ಲ.

ಸೂತ್ರ ಸರಿಯಾಗಿ ಕೂರುವ ಜಾಗ ಇದು:

"ನಾಲೆಯ ಹೂಳು ತೆಗೆಸಬೇಕು; ತೂಬುಗಳ ದುರಸ್ತಿ ಆಗಬೇಕು; ಕಬ್ಬಿನ ಬಾಕಿ ಹಣ ಕೊಡಬೇಕು ಎಂದು ಸಭೆ ಒತ್ತಾಯಿಸಿತು."

ಮೂರೂ ಅಧೀನ, ಯಾಕೆಂದರೆ "ಎಂದು" ಮೂರನ್ನೂ ಹಿಡಿದುಕೊಂಡಿದೆ. ಆದರೆ ಒಂದೊಂದೂ ತನ್ನಷ್ಟಕ್ಕೆ ಮುಗಿದ ವಾಕ್ಯವೂ ಹೌದು. ಮೇಷ್ಟ್ರ ಅಂಗೈ ಪರೀಕ್ಷೆಗೆ ಇಲ್ಲೂ ಸೋಲಿಲ್ಲ. ಒಂದು ಎಚ್ಚರಿಕೆ: ಕೊನೆಯ ತುಂಡಿಗೂ "ಎಂದು"ವಿಗೂ ನಡುವೆ ಏನೂ ಹಾಕಬಾರದು. "ಕೊಡಬೇಕು, ಎಂದು" ಅಂತ ಬರೆದರೆ ಹಿಡಿತ ಬಿಟ್ಟುಹೋಗುತ್ತದೆ.

ವಿ.ಸಿ. ನಾಲೆ (ಮಂಡ್ಯ)

ಅಂದ್ರೆ ವಾಕ್ಯದ ಕೊನೇಲಿ ಪೂರ್ಣ ಕ್ರಿಯಾಪದ ಇದ್ಯಾ ಅಂತ ನೋಡಿದ್ರೆ ಸಾಕು ಅನ್ನಿ?

ಗಂಗೋತ್ರಿ ಕಡೆಯವರು (ಮೈಸೂರು)

ಸಾಲದು. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ಮುಗಿಯುತ್ತದೆ. "ಇದು ಮುಂಗಾರು; ಅದು ಹಿಂಗಾರು." ಎರಡೂ ಕಡೆ ನಾಮಪದವೇ ಕೊನೆ, ಆದರೂ ಪೂರ್ಣ. ಬೇಕು, ಬೇಡ, ಸಾಕು, ಇಲ್ಲ, ಅಲ್ಲ, ಉಂಟು, ಇವೂ ವಾಕ್ಯ ಮುಗಿಸುತ್ತವೆ. "ಗೊಬ್ಬರ ಸಾಕು; ನೀರು ಬೇಕು" ಸರಿಯಾದ ಪ್ರಯೋಗ.

ಇದಕ್ಕೆ ತಿರುಗುಮುರುಗಾಗಿ, ಮುಗಿದ ಹಾಗೆ ಕಂಡು ಮುಗಿಯದವೂ ಇವೆ. "ಯಾವಾಗ ನಾಲೆಗೆ ನೀರು ಬಿಡುತ್ತಾರೋ ಆಗ ಒಟ್ಟಲು ಹಾಕುತ್ತೇವೆ." ಬಿಡುತ್ತಾರೆ ಪೂರ್ಣ, ಬಿಡುತ್ತಾರೋ ಅಪೂರ್ಣ, ಆ ಓಕಾರ ಮುಂದಿನ "ಆಗ"ವನ್ನು ಕೈಹಿಡಿದು ಕರೆಯುತ್ತದೆ. ಯಾರು…ಓ ಅವರು, ಎಷ್ಟು…ಓ ಅಷ್ಟು, ಹೇಗೆ…ಓ ಹಾಗೆ, ಎಲ್ಲಕ್ಕೂ ಇದೇ ನ್ಯಾಯ. ನಡುವೆ ಅರ್ಧವಿರಾಮ ಸಲ್ಲದು. ಬಿಟ್ಟಾಗ, ಬಿಟ್ಟ ಮೇಲೆ, ಬಿಟ್ಟಿದ್ದರಿಂದ, ಬಿಟ್ಟರೂ, ಬಿಡುವವರೆಗೆ, ಬಿಡದೆ: ಇವುಗಳ ಹಿಂದೆಯೂ ಇಲ್ಲ.

"ಬಿಟ್ಟರು", "ಬಿಟ್ಟರೂ" ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ದೀರ್ಘದಲ್ಲಿ ಚಿಹ್ನೆಯೇ ಬದಲಾಗುತ್ತದೆ:

ನಾಲೆಗೆ ನೀರು ಬಿಟ್ಟರು; ಗದ್ದೆಗೆ ಇನ್ನೂ ಬಂದಿಲ್ಲ.
ನಾಲೆಗೆ ನೀರು ಬಿಟ್ಟರೂ ಗದ್ದೆಗೆ ಇನ್ನೂ ಬಂದಿಲ್ಲ.

ಬೆರಳಚ್ಚಿನಲ್ಲಿ ದೀರ್ಘ ಬಿಟ್ಟುಹೋಗುವುದು ಸಾಮಾನ್ಯ. ಹಾಗಾಗಿ ಕರಡಿನಲ್ಲಿ "ಬಿಟ್ಟರು ಗದ್ದೆಗೆ" ಅಂತ ಚಿಹ್ನೆ ಇಲ್ಲದೆ ಕಂಡರೆ ತಟ್ಟನೆ ಅರ್ಧವಿರಾಮ ಸೇರಿಸಬೇಡಿ. ಬರೆದವರು ರೂಕಾರ ಮರೆತಿದ್ದಾರೋ ಚಿಹ್ನೆ ಮರೆತಿದ್ದಾರೋ ಕೇಳಿಕೊಳ್ಳಿ.

ಮದ್ದೂರು ಮೇಷ್ಟ್ರು

ಅರ್ಥವೇ ತಿರುಗುವ ಜಾಗ ಇನ್ನೂ ಎರಡಿವೆ. ಒಂದು, "ಇಸಿ" ಕೊನೆಯ ಪದಗಳು. ಕಾಯಿಸಿ ಅಂದರೆ "ಕಾಯಿಸಿದ ಮೇಲೆ" ಅಂತಲೂ ಹೌದು, "ನೀವು ಕಾಯಿಸಿರಿ" ಅಂತಲೂ ಹೌದು. ಮೈಸೂರುಪಾಕಿನ ವಿಧಾನ ಬರೆಯುವಾಗ:

ತುಪ್ಪ ಬಿಸಿ ಮಾಡಿ ಕಡಲೆಹಿಟ್ಟು ಹುರಿಯಿರಿ.
ತುಪ್ಪ ಬಿಸಿ ಮಾಡಿ; ಕಡಲೆಹಿಟ್ಟು ಹುರಿಯಿರಿ.

ಮೊದಲನೆಯದರಲ್ಲಿ ಹಿಟ್ಟು ಹುರಿಯುವುದು ಆ ತುಪ್ಪದಲ್ಲೇ. ಎರಡನೆಯದರಲ್ಲಿ ಎರಡು ಬೇರೆ ಅಪ್ಪಣೆಗಳು. ಅತ್ತ ತುಪ್ಪ ಕಾಯುತ್ತಿರಲಿ, ಇತ್ತ ಹಿಟ್ಟು ಹುರಿದುಕೊಳ್ಳಿ ಅಂತಲೂ ಓದಬಹುದು. ಈಗ ಕರಡಿನ ಎರಡನೆಯ ವಾಕ್ಯಕ್ಕೆ ಬನ್ನಿ. "ಕಬ್ಬಿನ ಹಾಲು ಕಾಯಿಸಿ; ಕೊಪ್ಪರಿಗೆ ಇಳಿಸಿ;" ಅಂತ ಓದಿದವನಿಗೆ ಓದುಗರಿಗೇ ಕೆಲಸ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಕೊನೆಗೆ "ತುಂಬುತ್ತಾರೆ" ಬಂದಾಗ ಎಡವುತ್ತಾನೆ.

ಇನ್ನೊಂದು, "ಬಂದ, ಹೋದ, ಎತ್ತಿದ" ಥರದ ಪದಗಳು.

ತೂಬು ಎತ್ತಿದ ನೀರುಗಂಟಿ ಮನೆಗೆ ಹೋದ.
ತೂಬು ಎತ್ತಿದ; ನೀರುಗಂಟಿ ಮನೆಗೆ ಹೋದ.

ಮೊದಲನೆಯದರಲ್ಲಿ ತೂಬು ಎತ್ತಿದವನೇ ನೀರುಗಂಟಿ. ಎರಡನೆಯದರಲ್ಲಿ ತೂಬು ಎತ್ತಿದವನು ಯಾರೋ, ಮನೆಗೆ ಹೋದವನು ನೀರುಗಂಟಿ. ನೀರು ಕದ್ದ ಪಂಚಾಯಿತಿಯಲ್ಲಿ ಈ ಒಂದು ಚಿಹ್ನೆಗೆ ಎರಡು ಕಡೆಯವರೂ ಕುಸ್ತಿ ಮಾಡಬಹುದು. ಇಂಥ ಕಡೆ ಚಿಹ್ನೆಯೊಂದನ್ನೇ ನಂಬಿ ಕೂರಬಾರದು. "ಎತ್ತಿದನು" ಅಂತ ಪೂರ್ತಿ ಬರೆದರೆ ಅನುಮಾನಕ್ಕೆ ಆಸ್ಪದ ಇಲ್ಲ.

ವಿ.ಸಿ. ನಾಲೆ (ಮಂಡ್ಯ)

ಇದು ಚೆನ್ನಾಗಿದೆ ಮೇಷ್ಟ್ರೇ. ಒಂದು ಚುಕ್ಕೆ ಒಂದು ಬಾಲ, ತೂಬು ಎತ್ತಿದವನೇ ಬೇರೆ ಆಗೋದ!

ಎರಡು ನುಡಿ (ಅನುವಾದ)

ಅರ್ಧವಿರಾಮಕ್ಕೆ ಕೈ ಹಾಕುವ ಮೊದಲು ಕನ್ನಡವೇ ಆ ಎರಡು ವಾಕ್ಯಗಳನ್ನು ಕೂಡಿಸಬಲ್ಲದೇ ನೋಡಿ. ಇಂಗ್ಲಿಷಿನಿಂದ ತರುವಾಗ ಮೂಲದಲ್ಲಿ ಎಲ್ಲೆಲ್ಲಿ ಅರ್ಧವಿರಾಮ ಇದೆಯೋ ಅಲ್ಲೆಲ್ಲ ಅದನ್ನೇ ಇಟ್ಟರೆ ಕನ್ನಡ ಕುಂಟುತ್ತದೆ.

ಕರ್ತೃ ಒಬ್ಬನೇ ಆಗಿದ್ದರೆ ಸಾಮಾನ್ಯವಾಗಿ ಚಿಹ್ನೆಯೇ ಬೇಡ. "ರೈತರು ಕಬ್ಬು ಕಡಿದರು; ರೈತರು ಅದನ್ನು ಗಾಡಿಗೆ ಹೇರಿದರು" ಅಂತ ಯಾರೂ ಮಾತಾಡುವುದಿಲ್ಲ. "ಕಬ್ಬು ಕಡಿದು ಗಾಡಿಗೆ ಹೇರಿದರು." ಮುಗಿಯಿತು.

ಕರ್ತೃ ಬದಲಾದಾಗ ಈ ದಾರ ಹರಿಯುತ್ತದೆ. "ನೀರುಗಂಟಿ ತೂಬು ಎತ್ತಿ ರೈತರು ಗದ್ದೆಗೆ ನೀರು ಕಟ್ಟಿದರು" ಕಿವಿಗೆ ಒಗ್ಗುವುದಿಲ್ಲ. ಅರ್ಧವಿರಾಮದ ನಿಜವಾದ ಹೊಲ ಇದು: "ನೀರುಗಂಟಿ ತೂಬು ಎತ್ತಿದ; ರೈತರು ಗದ್ದೆಗೆ ನೀರು ಕಟ್ಟಿದರು." ಹಾಗಂತ ಕರ್ತೃ ಬೇರೆಯಾದಾಗಲೆಲ್ಲ ಒಡೆಯಬೇಕಿಲ್ಲ. "ಮಳೆ ಬಂದು ಕೆರೆ ತುಂಬಿತು" ಅನ್ನುವುದರಲ್ಲಿ ಕರ್ತೃ ಎರಡು. ಆದರೂ ಸಹಜವಾಗಿದೆ, ಯಾಕೆಂದರೆ ಒಂದರಿಂದ ಇನ್ನೊಂದು ತಾನಾಗಿ ಆಗಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಇಂಥದ್ದನ್ನು "ಮಳೆ ಬಂತು; ಕೆರೆ ತುಂಬಿತು" ಅಂತ ಮಾಡಿದರೆ ತಪ್ಪಲ್ಲ, ಆದರೆ ಬೇರೆಯೇ ರಾಗ: ಮೊದಲನೆಯದು ಸುದ್ದಿ, ಎರಡನೆಯದು ಸಮಾಧಾನದ ಉಸಿರು.

ನಾಲ್ಕನೆಯ ವಾಕ್ಯದ "ಮತ್ತು" ಹೊರಗಿನ ಕಸಿ. ಕನ್ನಡದ "ಮತ್ತು"ವಿಗೆ ನಾಮಪದಗಳನ್ನು ಕೂಡಿಸುವುದು ಒಗ್ಗಿದ ಕೆಲಸ: ಬೆಲ್ಲ ಮತ್ತು ತೆಂಗಿನಕಾಯಿ. ಎರಡು ಪೂರ್ಣ ವಾಕ್ಯಗಳ ನಡುವೆ ತಂದು ನಿಲ್ಲಿಸಿದರೆ ಅನುವಾದದ ವಾಸನೆ ಬರುತ್ತದೆ. "ಮತ್ತು" ಕಿತ್ತು ಅರ್ಧವಿರಾಮ ಇಡಿ: "ಸಂಘದ ಕಚೇರಿ ಮಂಡ್ಯದಲ್ಲಿದೆ; ಗೋದಾಮು ಮದ್ದೂರಿನಲ್ಲಿದೆ."

ಗಂಗೋತ್ರಿ ಕಡೆಯವರು (ಮೈಸೂರು)

ನಾಲ್ಕನೆಯದಕ್ಕೆ ಇನ್ನೊಂದು ರೂಪ ಇದೆ, ನನಗೆ ಅದೇ ಹೆಚ್ಚು ಇಷ್ಟ: "ಸಂಘದ ಕಚೇರಿ ಮಂಡ್ಯದಲ್ಲಿ, ಗೋದಾಮು ಮದ್ದೂರಿನಲ್ಲಿ ಇವೆ." ಇಲ್ಲಿ ಅರ್ಧವಿರಾಮ ತಪ್ಪಾಗುತ್ತದೆ. ಕ್ರಿಯಾಪದ ಒಂದೇ, ಅದು ಕೊನೆಯಲ್ಲಿ ಕೂತು ಹಿಂದಿನದಕ್ಕೂ ಸಲ್ಲುತ್ತದೆ. ಆದ್ದರಿಂದ "ಕಚೇರಿ ಮಂಡ್ಯದಲ್ಲಿ" ಅನ್ನುವುದು ಇನ್ನೂ ಬಾಕಿ ಇರುವ ತುಂಡು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲ ತುಂಡಿನಲ್ಲೇ ಬಂದು ಎರಡನೆಯದರಲ್ಲಿ ಮರೆಯಾಗುತ್ತದೆ; ಹಾಗಾಗಿ ಅಲ್ಲಿ ಅರ್ಧವಿರಾಮ ಇಡಬಹುದು. ನಮ್ಮಲ್ಲಿ ಉಲ್ಟಾ.

ಊಕಾರ ಇದ್ದರೂ ಅಲ್ಪವಿರಾಮವೇ ಸಾಕು: "ಮಳೆಯೂ ಬಂತು, ನಾಲೆಗೆ ನೀರೂ ಬಂತು." ಕೂಡಿಸುವ ಕೆಲಸವನ್ನು ಊ ಆಗಲೇ ಮಾಡಿದೆ.

ಇಂಗ್ಲಿಷ್ ತರಗತಿ (ಮಂಡ್ಯ)

ಐದನೆಯ ವಾಕ್ಯದ ತಪ್ಪು ಎಲ್ಲಿಂದ ಬಂತು ಅಂತ ಊಹಿಸಬಹುದು. ಇಂಗ್ಲಿಷಿನಲ್ಲಿ ಎರಡು ಸ್ವತಂತ್ರ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಇಟ್ಟರೆ ತಪ್ಪು ಅಂತಲೇ ಅಂಕ ಕಳೆಯುತ್ತಾರೆ. ಆಂಡ್, ಬಟ್, ಸೋ ಇದ್ದರೆ ಅವುಗಳ ಮುಂಚೆ ಅಲ್ಪವಿರಾಮ. ಹೌಎವರ್, ದೇರ್‌ಫೋರ್ ಥರದವು ನಡುವೆ ಬಂದರೆ ಮುಂಚೆ ಅರ್ಧವಿರಾಮ, ಆದಮೇಲೆ ಅಲ್ಪವಿರಾಮ. ಕನ್ನಡದಲ್ಲಿ ಬಟ್‌ಗೂ "ಆದರೆ", ಹೌಎವರ್‌ಗೂ "ಆದರೆ". ಮಕ್ಕಳು ಎರಡು ನಿಯಮಗಳನ್ನೂ ಕಲಸಿ ಚಿಹ್ನೆಯನ್ನು "ಆದರೆ" ಆದಮೇಲೆ ತಂದು ಕೂರಿಸುತ್ತಾರೆ.

ಕನ್ನಡಕ್ಕೆ ಇಷ್ಟು ಸಾಕು: ಆದರೆ, ಆದ್ದರಿಂದ, ಹಾಗಾಗಿ, ಅಲ್ಲದೆ, ಏಕೆಂದರೆ ಇವು ಎರಡನೆಯ ವಾಕ್ಯದ ತಲೆ. ಚಿಹ್ನೆ ತಲೆಗಿಂತ ಮುಂಚೆ ಬರಬೇಕು. ತಲೆಗೂ ಮೈಗೂ ನಡುವೆ ಅಲ್ಪವಿರಾಮ ಬೇಕಿಲ್ಲ. "ಬೆಲೆ ಏರಿತು; ಆದರೆ ರೈತರ ಕೈಗೆ ಹಣ ಸೇರಲಿಲ್ಲ."

"ಮಳೆ ಆದರೆ ನಾಟಿ ಮಾಡುತ್ತೇವೆ" ಅನ್ನುವಾಗಿನ "ಆದರೆ" ಬೇರೆ. ಅದು "ಆಗು" ಧಾತುವಿನ ಪಕ್ಷಾರ್ಥಕ. ಅಲ್ಲಿ ಯಾವ ಚಿಹ್ನೆಯೂ ಇಲ್ಲ. ಕಡತದಲ್ಲಿ "ಆದರೆ" ಹುಡುಕಿ ಎಲ್ಲದರ ಮುಂಚೆ ಒಟ್ಟಿಗೆ ಅರ್ಧವಿರಾಮ ಸೇರಿಸಿಬಿಡುವ ಸಾಹಸ ಬೇಡ.

ಎರಡು ನುಡಿ (ಅನುವಾದ)

"ಏಕೆಂದರೆ" ಬಗ್ಗೆ ಒಂದು ಮಾತು. "ನಾಟಿ ತಡವಾಯಿತು; ಏಕೆಂದರೆ ನೀರು ತಡವಾಗಿ ಬಂತು." ಚಿಹ್ನೆ ಸರಿ, ವಾಕ್ಯ ಸಪ್ಪೆ. "ನೀರು ತಡವಾಗಿ ಬಂದಿದ್ದರಿಂದ ನಾಟಿ ತಡವಾಯಿತು" ಅಂದರೆ ಕಾರಣವೂ ಮುಂಚೆ ಬಂತು, ಚಿಹ್ನೆಯೂ ಉಳಿಯಿತು.

"ಆದರೆ" ಮುಂಚೆ ಪೂರ್ಣವಿರಾಮವೇ ವಾಸಿ ಅನ್ನುವುದು ನನ್ನ ಪಕ್ಷ. ಎರಡೂ ಕಡೆ ಎಂಟು ಹತ್ತು ಪದ ದಾಟಿದರೆ ಅರ್ಧವಿರಾಮ ಓದುಗನ ಕಣ್ಣಿಗೇ ಬೀಳುವುದಿಲ್ಲ.

ಮದ್ದೂರು ಮೇಷ್ಟ್ರು

ನಾನು ಒಪ್ಪುವುದಿಲ್ಲ. "ಬೆಲೆ ಏರಿತು" ಅಂತ ಪೂರ್ಣವಿರಾಮ ಇಟ್ಟರೆ ಒಂದು ಕ್ಷಣ ಸಂತೋಷದ ಸುದ್ದಿಯಾಗಿ ನಿಲ್ಲುತ್ತದೆ. ಅರ್ಧವಿರಾಮ ಇಟ್ಟರೆ ಮುಂದೆ ಏನೋ ಕೊಕ್ಕೆ ಇದೆ ಅಂತ ಗೊತ್ತಾಗುತ್ತದೆ. ಬೇಕಾದ್ದು ಯಾವುದು ಅಂತ ಬರೆದವರು ಹೇಳಬೇಕೇ ಹೊರತು ಪದ ಎಣಿಸಿ ಹೇಳುವುದಲ್ಲ.

ಹಾಗೇ ತೀರಾ ಚಿಕ್ಕ ಜೋಡಿಗಳಲ್ಲಿ ಅಲ್ಪವಿರಾಮಕ್ಕೂ ಮಾಫಿ ಇದೆ. "ಮಾತು ಬೆಳ್ಳಿ, ಮೌನ ಬಂಗಾರ." ಎರಡೂ ಪೂರ್ಣ ವಾಕ್ಯ, ಆದರೂ ಅಲ್ಪವಿರಾಮ ಯಾರ ಕಣ್ಣಿಗೂ ಚುಚ್ಚುವುದಿಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ; ಮಾತು ಬಲ್ಲವನಿಗೆ ಜಗಳವಿಲ್ಲ" ಅನ್ನುವುದಕ್ಕೆ ಬಂದಾಗ ಅರ್ಧವಿರಾಮ ಒಳ್ಳೆಯದು, ಗಾದೆ ವಿಸ್ತರಣೆಯ ಉತ್ತರಪತ್ರಿಕೆಯಲ್ಲಿ ಎರಡೂ ಕಾಣುತ್ತವೆ, ಎರಡಕ್ಕೂ ಅಂಕ ಕೊಡಬೇಕು.

ಕರಡು ಕಟ್ಟು (ಮೈಸೂರು)

ಎರಡೂ ಕಡೆ ಪೂರ್ಣ ವಾಕ್ಯ ಇದ್ದರೆ ಯಾವುದನ್ನು ಬೇಕಾದರೂ ಕೂಡಿಸಬಹುದೇ? ಒಬ್ಬರು "ಸಂಘ ಹೊಸ ಗೋದಾಮು ಕಟ್ಟಿಸಿತು; ಅಧ್ಯಕ್ಷರು ಮಳವಳ್ಳಿಯವರು" ಅಂತ ಬರೆದಿದ್ದಾರೆ.

ಇಂಗ್ಲಿಷ್ ತರಗತಿ (ಮಂಡ್ಯ)

ಕೂಡದು. ಅಂಗೈ ಪರೀಕ್ಷೆ ಪಾಸಾದರೂ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಎರಡನೆಯದು ಮೊದಲನೆಯದರ ಎದುರಾಳಿಯೋ, ಫಲವೋ, ಕಾರಣವೋ, ಜೋಡಿಯೋ ಆಗಿರಬೇಕು. ಇಲ್ಲಿ ಪೂರ್ಣವಿರಾಮ.

ಇನ್ನೊಂದು ಕಡೆಯೂ ಜಾರುತ್ತಾರೆ. ಮೊದಲ ಭಾಗ ಏನೋ ಹೇಳುತ್ತೇನೆ ಅಂತ ಕೈ ತೋರಿಸಿ, ಎರಡನೆಯ ಭಾಗ ಅದನ್ನು ಬಿಚ್ಚಿಟ್ಟರೆ ಅದು ವಿವರಣ ಚಿಹ್ನೆಯ ಜಾಗ: "ತೊಂದರೆ ಒಂದೇ: ತೂಬಿನ ಹಲಗೆ ಕೊಳೆತಿದೆ." ಅರ್ಧವಿರಾಮ ಇಟ್ಟರೆ ಆ ಕೈ ತೋರಿಸುವಿಕೆ ಮಾಯ.

ಸುದ್ದಿಮನೆ

ತಲೆಬರಹಕ್ಕೆ ಈ ನಿಯಮ ಹೊರಿಸಬೇಡಿ. "ಬಸ್-ಲಾರಿ ಡಿಕ್ಕಿ; ಮೂವರಿಗೆ ಗಾಯ", "ಕೆಆರ್‌ಎಸ್ ಭರ್ತಿ; ನದಿಗೆ ನೀರು" ಇವುಗಳಲ್ಲಿ ಯಾವ ಕಡೆಯೂ ಪೂರ್ಣ ವಾಕ್ಯ ಅಲ್ಲ. ತಲೆಬರಹದಲ್ಲಿ ಅರ್ಧವಿರಾಮ "ಆಯಿತು, ಅದರಿಂದ" ಅನ್ನುವ ಪದಗಳ ಬಾಡಿಗೆದಾರ. ಜಾಗ ಉಳಿಸಲು ಹುಟ್ಟಿದ ರೂಢಿ. ಊರಿನ ಹೆಸರು, ವಿಷಯ, ಹೇಳಿದವರ ಹೆಸರು ಮುಂಚೆ ಬಂದರೆ ಎರಡು ಚುಕ್ಕೆ: "ಮಂಡ್ಯ: ಕಬ್ಬು ಬೆಳೆಗಾರರ ಸಭೆ". ಆದರೆ ಸುದ್ದಿಯ ಒಳಗಿನ ಸಾಲಿಗೆ ಬಂದಾಗ ಇದನ್ನು ಎಳೆದು ತರಬಾರದು. "ಕೃಷ್ಣರಾಜಸಾಗರ ಜಲಾಶಯ ಭರ್ತಿ; 124.80 ಅಡಿ ತಲುಪಿದ ನೀರಿನ ಮಟ್ಟ" ಅಂತ ಶುರುವಾಗುವ ವರದಿ ತಲೆಬರಹವೇ ಕೆಳಗೆ ಜಾರಿ ಬಿದ್ದಂತೆ ಇರುತ್ತದೆ. "ಕೃಷ್ಣರಾಜಸಾಗರ ಜಲಾಶಯ ಭರ್ತಿಯಾಗಿದೆ; ನೀರಿನ ಮಟ್ಟ ಗರಿಷ್ಠ 124.80 ಅಡಿ ತಲುಪಿದೆ." ಹೀಗಿರಬೇಕು.

ವಿ.ಸಿ. ನಾಲೆ (ಮಂಡ್ಯ)

ಇಷ್ಟೆಲ್ಲ ಯಾಕ್ ಸಾ, ಇದು ಇಂಗ್ಲಿಷ್‌ನವರ ಚಿಹ್ನೆ. ನಮ್ ಹಳೇ ಕವಿಗಳು ಇದಿಲ್ದೆ ಬರೀಲಿಲ್ವಾ?

ಗಂಗೋತ್ರಿ ಕಡೆಯವರು (ಮೈಸೂರು)

ಬರೆದರು. ಓಲೆಗರಿಯಲ್ಲಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪದ್ಯ ಮುಗಿದಾಗ ಒಂಟಿ ಗೆರೆಯೋ ಜೋಡಿ ಗೆರೆಯೋ ಹಾಕುತ್ತಿದ್ದರು. ಛಂದಸ್ಸೇ ನಿಲುಗಡೆ ಹೇಳುತ್ತಿತ್ತು. ಹಾಗೆ ನೋಡಿದರೆ ಇದು ಇಂಗ್ಲಿಷರದ್ದೂ ಅಲ್ಲ: 1490ರ ದಶಕದ ವೆನಿಸ್‌ನಲ್ಲಿ ಆಲ್ಡಸ್ ಮನೂಟಿಯಸ್ ಎಂಬ ಮುದ್ರಕನ ಅಚ್ಚುಕೂಟದಲ್ಲಿ ಹುಟ್ಟಿದ್ದು. ಗ್ರೀಕರಿಗೆ ಇದೇ ಆಕಾರ ಪ್ರಶ್ನಾರ್ಥಕ ಚಿಹ್ನೆ. ಕನ್ನಡಕ್ಕೆ ಪಾಶ್ಚಾತ್ಯ ಚಿಹ್ನೆಗಳೆಲ್ಲ ನೆಲೆಯಾದದ್ದು 19ನೇ ಶತಮಾನದ ಮುದ್ರಣ, ಗದ್ಯ, ಪತ್ರಿಕೆಗಳ ಜೊತೆಗೆ. ಮೊದಲ ಕನ್ನಡ ಪತ್ರಿಕೆ "ಮಂಗಳೂರ ಸಮಾಚಾರ" ಬಂದದ್ದು 1843ರಲ್ಲಿ. ಪ್ರಶ್ನಾರ್ಥಕವನ್ನೂ ಅಲ್ಪವಿರಾಮವನ್ನೂ ಇಟ್ಟುಕೊಂಡು ಇದೊಂದನ್ನೇ ಪರದೇಶಿ ಅನ್ನುವುದು ನ್ಯಾಯವಲ್ಲ.

ಅಕ್ಷರಜೋಡಣೆ (ಶಿವರಾಂಪೇಟೆ)

ಪುಟ ಕಟ್ಟುವ ಕಡೆಯಿಂದ ಕೆಲವು ಸಂಗತಿ, ಇದನ್ನು ಯಾರೂ ಬರೆದಿಡುವುದಿಲ್ಲ.

ಚಿಹ್ನೆಯ ಮುಂಚೆ ಜಾಗ ಬೇಡ, ಆದಮೇಲೆ ಒಂದು ಜಾಗ. ಮುಂಚೆ ಜಾಗ ಬಿಟ್ಟು "ಬಂತು ;" ಅಂತ ಹೊಡೆದರೆ ಸಾಲಿನ ಕೊನೆಗೆ ಬಂದಾಗ ಚಿಹ್ನೆ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಇಳಿಯಬಹುದು. ಜಾಗ + ಅರ್ಧವಿರಾಮ ಹುಡುಕಿ ಬರೀ ಅರ್ಧವಿರಾಮಕ್ಕೆ ಬದಲಿಸಿ. ಒಮ್ಮೆ ಸಾಲದು, ಕೆಲವರು ಎರಡು ಜಾಗ ಹೊಡೆದಿರುತ್ತಾರೆ, ಇನ್ನು ಸಿಗುವುದಿಲ್ಲ ಅನ್ನುವ ತನಕ ಮತ್ತೆ ಮಾಡಿ.

ಒತ್ತಕ್ಷರದ ತೊಂದರೆ. "ಬಂದಿತ್ತು;" "ಹೋಗಿತ್ತು;" ಥರದಲ್ಲಿ ಒತ್ತು ಕೆಳಗೆ ಇಳಿದಿರುತ್ತದೆ, ಅರ್ಧವಿರಾಮದ ಬಾಲವೂ ಕೆಳಗೆ ಇಳಿಯುತ್ತದೆ. 9 ಪಾಯಿಂಟಿನಲ್ಲಿ ಅಕ್ಷರಗಳನ್ನು ಬಿಗಿ ಮಾಡಿದ್ದರೆ ಎರಡೂ ಅಂಟಿಕೊಂಡು ಅಲ್ಪವಿರಾಮದ ಮೇಲೆ ಮಸಿ ಸಿಡಿದ ಹಾಗೆ ಕಾಣುತ್ತದೆ. ಬಿಗಿ ಸಡಿಲಿಸಿ, ಅಕ್ಷರದ ಗಾತ್ರ ಹೆಚ್ಚಿಸಬೇಕಿಲ್ಲ.

ಉದ್ಧರಣ ಚಿಹ್ನೆ, ಆವರಣ ಇದ್ದರೆ ಅರ್ಧವಿರಾಮ ಅವುಗಳ ಹೊರಗೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಇಂಗ್ಲಿಷಿನ ಅರ್ಧವಿರಾಮದ ಕೀಲಿ ಒತ್ತಿದರೆ "ಚ" ಬೀಳುತ್ತದೆ, ಶಿಫ್ಟ್ ಜೊತೆ "ಛ". ಕರಡಿನಲ್ಲಿ ವಾಕ್ಯದ ನಡುವೆ ಅರ್ಥವಿಲ್ಲದ ಒಂಟಿ "ಚ" ಕಂಡರೆ ಅದು ಅರ್ಧವಿರಾಮ ಇರಬೇಕಾಗಿದ್ದ ಜಾಗ ಅಂತ ಮೊದಲು ಅನುಮಾನಿಸಿ. ಇದರ ಅಕ್ಕಪಕ್ಕದ ಇನ್ನೊಂದು ತಪ್ಪು, ವಿಸರ್ಗದ ಬದಲು ಎರಡು ಚುಕ್ಕೆ: "ದು:ಖ". ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಅಲ್ಲಿ ಪದ ಮುರಿದಿದೆ. ಹುಡುಕಿದರೆ "ದುಃಖ" ಸಿಗುವುದಿಲ್ಲ.

ಮೇಷ್ಟ್ರು ಹೇಳಿದ ತಪ್ಪುಗಳನ್ನು ಹಿಡಿಯಲು ಇವನ್ನು ಹುಡುಕಿ: "ಸಿ;" "ಡಿ;" "ದು;" "ರೆ;" "ರೂ;" "ಗ;". ಸಿಕ್ಕಿದ್ದೆಲ್ಲ ತಪ್ಪಲ್ಲ. "ಬಂದದ್ದು ಇಂದು; ಹೋಗುವುದು ನಾಳೆ" ಅನ್ನುವುದರಲ್ಲಿ "ದು;" ಸರಿಯಾಗಿದೆ, "ಬಿಡುತ್ತಾರೆ;" ಅನ್ನುವುದೂ "ರೆ;" ಬಲೆಗೆ ಬೀಳುತ್ತದೆ. ಕಣ್ಣಲ್ಲಿ ನೋಡಿಯೇ ತೀರ್ಮಾನಿಸಿ. ಕಡತ ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಹುಡುಕಾಟ ಕೈಕೊಡುತ್ತದೆ.

ಎರಡು ನುಡಿ (ಅನುವಾದ)

ಆರನೆಯದು ಉಳಿಯಿತು. ಅದು ವಾಕ್ಯ ಕೂಡಿಸುವ ಪ್ರಶ್ನೆಯಲ್ಲ, ಪಟ್ಟಿಯದು. ಒಳಗೆ ಆಗಲೇ ಅಲ್ಪವಿರಾಮ ಇರುವ ಗುಂಪುಗಳನ್ನು ಬೇರೆ ಮಾಡಲು ಒಂದು ಮೆಟ್ಟಿಲು ದೊಡ್ಡ ಚಿಹ್ನೆ ಬೇಕು: "ಸಭೆಗೆ ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ, ಪಾಂಡವಪುರ; ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಸದಸ್ಯರು ಬಂದಿದ್ದರು." ಅಂಗೈ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಅರ್ಧವಿರಾಮಕ್ಕಿರುವ ಒಂದೇ ಒಂದು ರಿಯಾಯಿತಿ ಅನ್ನಿ, ಸುದ್ದಿಮನೆಯವರ ತಲೆಬರಹ ಬಿಟ್ಟರೆ. ಸಂಚಿಕೆಯಲ್ಲಿ ಸಂಘದ ಬೈಲಾ ಇದ್ದರೆ (ಅ), (ಆ), (ಇ) ಖಂಡಗಳ ಕೊನೆಗೆ ಬರುವ ಅರ್ಧವಿರಾಮವನ್ನೂ ಮುಟ್ಟಬೇಡಿ. ಆ ಖಂಡಗಳೆಲ್ಲ ಸೇರಿ ಒಂದೇ ವಾಕ್ಯ.

ಕರಡು ಕಟ್ಟು (ಮೈಸೂರು)

ಎಲ್ಲರಿಗೂ ನಮಸ್ಕಾರ. ಮೂರು, ನಾಲ್ಕು, ಐದು, ಆರು ಮೇಲಿನಂತೆಯೇ ತಿದ್ದಿದೆ. ನಾಲ್ಕನೆಯದಕ್ಕೆ "ಇವೆ" ರೂಪ ತೆಗೆದುಕೊಂಡೆ. ಒಂದನೆಯದನ್ನು ಬರೆದವರಿಗೆ ಫೋನ್ ಮಾಡಿ ಕೇಳಿದರೆ "ಬಿಟ್ಟರೂ" ಅಂತಲೇ ಬರೆದದ್ದಂತೆ, ದೀರ್ಘ ಹೋಗಿದೆ. ಅಲ್ಪವಿರಾಮ ಬೆರಳಚ್ಚಿನವರ ಕೊಡುಗೆ. ಎರಡನೆಯದು ಈಗ ಹೀಗಿದೆ: "ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಕೊಪ್ಪರಿಗೆ ಇಳಿಸಿ ಅಚ್ಚಿಗೆ ತುಂಬುತ್ತಾರೆ."

ವಿ.ಸಿ. ನಾಲೆ (ಮಂಡ್ಯ)

ಚಿಹ್ನೆ ಸರಿ ಹೋಯ್ತು, ಬೆಲ್ಲ ಸರಿ ಹೋಗ್ಲಿಲ್ಲ ಸಾ. ಕಾಯಿಸಿದ ಹಾಲನ್ನ ಸೀದಾ ಅಚ್ಚಿಗೆ ಹಾಕಿದ್ರೆ ನೀರು ನೀರಾಗೇ ಇರ್ತದೆ. ಪಾಕ ಬಂದ ಮೇಲೆ ಕೊಪ್ಪರಿಗೆ ಇಳಿಸಿ ತೊಟ್ಟಿಗೆ ಸುರೀತಾರೆ; ಅಲ್ಲಿ ತಿರುವಿ ತಿರುವಿ ಗಟ್ಟಿ ಆಗೋ ಹೊತ್ತಿಗೆ ಅಚ್ಚಿಗೆ ತುಂಬ್ತಾರೆ.

ಮದ್ದೂರು ಮೇಷ್ಟ್ರು

ಕರಡಿನವರೇ, ಇವರ ವಾಕ್ಯವನ್ನೇ ಬರಹದ ಕನ್ನಡಕ್ಕೆ ತಿರುಗಿಸಿ ಹಾಕಿ. ಅರ್ಧವಿರಾಮ ಇರುವ ಜಾಗವನ್ನು ಮಾತ್ರ ಮುಟ್ಟಬೇಡಿ.